ಏರು ದಾರೀಲಿ ಮಣ್ಣು ಎಳೆಯುವಾಗ ಮಿನಿ ಟ್ರ್ಯಾಕ್ಟರ್ ಸ್ಟೀರಿಂಗ್ ಮಾತೇ ಕೇಳಲ್ಲ, ಯಾಕೆ?

ಹಾನುಬಾಳು ರೋಬಸ್ಟಾ
ಗೇಟಿಂದ ಪಲ್ಪರ್ ಮನೆವರೆಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಜಾಗ) ಸುಮಾರು 140 ಮೀಟರ್ ದಾರಿ. ಕೆಳಗಿನ ಅರ್ಧ ಕಾಂಕ್ರೀಟು, ಮೇಲಿನದ್ದು ಬರೀ ಕೆಂಪು ಮಣ್ಣು. ನಡುವೆ 5 ಅಡಿಗೆ 1 ಅಡಿ ಏರು, ಅದೂ ತಿರುವಲ್ಲೇ. ಹತ್ತುವಾಗ ಎಡಕ್ಕೆ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಬಲಕ್ಕೆ ಕಣಿವೆ. ಆಷಾಢದ ಮಳೆ ಹೊಡೆದ್ರೆ ಧರೆ ಜಾರಿ ಅರ್ಧ ಅಡಿ ಮಣ್ಣು ದಾರೀಲಿ ಬಂದು ಕೂರುತ್ತೆ. ಗಾಡಿ 24 ಎಚ್‌ಪಿ ಫೋರ್ ವೀಲ್ ಮಿನಿ ಟ್ರ್ಯಾಕ್ಟರ್, ಪವರ್ ಸ್ಟೀರಿಂಗ್. ಹಿಂದೆ ಮಣ್ಣು ಎಳೆಯೋ 4 ಅಡಿ ಬ್ಲೇಡ್. ಮುಂದೆ ಲೋಡರ್ (ಮಣ್ಣೆತ್ತೋ ಬಕೆಟ್) ಇಲ್ಲ, ಭಾರಕ್ಕೆ ಹಾಕೋ ವೇಟೂ ಇಲ್ಲ.

ತೊಂದರೆ ಎರಡು. ಏರಲ್ಲಿ ಮಣ್ಣು ಎಳ್ಕೊಂಡು ಹೋಗುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೂ ಮುಂದಿನ ಚಕ್ರ ಅಡ್ಡಡ್ಡ ಜಾರ್ಕೊಂಡು ಗಾಡಿ ನೆಟ್ಟಗೇ ಹೋಗುತ್ತೆ. ಇಳಿಯುವಾಗ ಬ್ಲೇಡ್ ಓರೆ ಮಾಡಿ ಮಣ್ಣನ್ನ ಕಣಿವೆಗೆ ಸರಿಸಿದ್ರೆ ಮೂತಿ ತಾನಾಗೇ ಕಣಿವೆ ಕಡೆ ಎಳೆಯುತ್ತೆ. ಟೈರ್ ಬದಲಿಸ್ಬೇಕಾ, ಸ್ಟೀರಿಂಗ್ ಬಿಚ್ಚಿಸ್ಬೇಕಾ? ಜೆಸಿಬಿ ಕರೆಸಿ ಅನ್ನೋರು ದಯವಿಟ್ಟು ಬೇಡ, ಆ ತಿರುವಲ್ಲಿ ಅದು ತಿರುಗಲ್ಲ.

ಗೆಂಡೆಹಳ್ಳಿ ಗೇರು
ಮೂತಿಗೆ ವೇಟ್ ಹಾಕಿ. ಕಥೆ ಮುಗೀತು.

ಕೊಟ್ಟಿಗೆಹಾರ ಮಳೆ
ಜೆಸಿಬಿ ಕರೆಸಿ. (ಬೇಡ ಅಂದಿದ್ದಕ್ಕೇ ಹೇಳಿದೆ.)

ಆಲ್ದೂರು ಸ್ಪ್ಯಾನರ್
ಅರ್ಧ ಮಾಹಿತಿಗೆ ಉತ್ತರ ಕೊಡಕ್ಕಾಗಲ್ಲ. ಬ್ಲೇಡಿನ ತೂಕ ಎಷ್ಟು? ಟೈರಿನ ಗುಂಡಿ (ನೆಲ ಕಚ್ಚೋ ಉಬ್ಬು) ಎಷ್ಟು ಸವೆದಿದೆ? ಮುಂದಿನ ಟೈರ್ ಕಂಪನಿ ಕೊಟ್ಟ ಅಳತೇದೇನಾ, ಇಲ್ಲಾ ಸಿಕ್ಕಿದ್ದು ಹಾಕಿದೀರಾ? ಸ್ಟೀರಿಂಗ್ ಕೈಗೆ ಹಗುರಾನಾ, ಭಾರಾನಾ? ಹಗುರ ಇದ್ದೂ ಗಾಡಿ ತಿರುಗಲ್ಲ ಅಂದ್ರೆ ಸ್ಟೀರಿಂಗ್ ಬಾಕ್ಸಲ್ಲಿ ತೊಂದರೆ ಏನೂ ಇಲ್ಲ, ಚಕ್ರಕ್ಕೆ ನೆಲ ಸಿಗ್ತಿಲ್ಲ ಅಷ್ಟೇ.

ಹಾನುಬಾಳು ರೋಬಸ್ಟಾ
ಬ್ಲೇಡ್ 130 ಕೆಜಿ ಆಸುಪಾಸು. ಗಾಡಿ ಖಾಲಿ ತೂಕ 650. ಹಿಂದೆ 8.3-20, ಗುಂಡಿ ಅರ್ಧ ಸವೆದಿದೆ. ಮುಂದಿನದು ಹಳೇ ಓನರ್ ಬದಲಿಸಿದ್ದು, ಅಳತೆ ನೋಡ್ಬೇಕು. ಸ್ಟೀರಿಂಗ್ ಬೆಣ್ಣೆ ಥರ ತಿರುಗುತ್ತೆ.

ಲೆಕ್ಕದ ಮೇಷ್ಟ್ರು
ಹಾಗಾದರೆ ಲೆಕ್ಕ ಹಾಕೋಣ. ಇಂಥ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಸುಮಾರು 1.5 ಮೀಟರ್. ಸಮತಟ್ಟು ನೆಲದಲ್ಲಿ ಮುಂದಿನ ಆಕ್ಸಲ್ ಮೇಲೆ 40% ಅಂತ ಹಿಡಿದರೆ 260 ಕೆಜಿ.

5ಕ್ಕೆ 1ರ ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತೆ. ಗಾಡಿಯ ಭಾರದ ನಡುಬಿಂದು ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದ್ದರೆ 650 × 0.6 × 0.2 ÷ 1.5, ಅಂದರೆ 52 ಕೆಜಿ ಮುಂದಿನಿಂದ ಹೋಯಿತು. ಬ್ಲೇಡನ್ನು ನೆಲದಿಂದ ಎತ್ತಿದಾಗ ಅದು ಹಿಂದಿನ ಆಕ್ಸಲ್‌ನಿಂದ 1.1 ಮೀಟರ್ ಆಚೆ ತೂಗುತ್ತೆ. 130 × 1.1 ÷ 1.5, ಇನ್ನೊಂದು 95 ಕೆಜಿ ಹೋಯಿತು. ಉಳಿದದ್ದು 113.

ಮುಂದಿನ ಆಕ್ಸಲ್ ಮೇಲೆ ಗಾಡಿಯ ಖಾಲಿ ತೂಕದ ಕನಿಷ್ಠ 20% ಇರಬೇಕು ಅನ್ನೋದು ಟ್ರ್ಯಾಕ್ಟರ್ ಮ್ಯಾನುಯಲ್‌ಗಳ ಸಾಮಾನ್ಯ ನಿಯಮ. ನಿಮ್ಮ ಗಾಡಿಗೆ ಅದು 130. ನೀವು ಆಗಲೇ ಅದರ ಕೆಳಗಿದ್ದೀರಿ, ಅದೂ ಜಾರುವ ಮಣ್ಣಿನಲ್ಲಿ. ಸ್ಟೀರಿಂಗ್ ಬಿಚ್ಚಿಸೋ ದುಡ್ಡು ಉಳಿಸಿ.

ಕಳಸದ ಕಣಿವೆ
ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದ್ರೆ ಕೆಲಸ ಮಾಡುವಾಗ ಬ್ಲೇಡ್ ನೆಲದ ಮೇಲೇ ಇರುತ್ತಲ್ಲ? ಫ್ಲೋಟಲ್ಲಿ (ಲಿಫ್ಟ್ ಹಿಡಿದಿಡದೆ ನೆಲದ ಮೇಲೆ ತಾನಾಗೇ ಕೂರೋ ಹಾಗೆ) ಬಿಟ್ಟಿದ್ರೆ ಅದರ ತೂಕ ಗಾಡಿ ಮೇಲೆ ಬೀಳೋದೇ ಇಲ್ಲ. 95 ಕೆಜಿ ಎಲ್ಲಿಂದ ಬಂತು?

ಲೆಕ್ಕದ ಮೇಷ್ಟ್ರು
ನೆಲದ ಮೇಲಿದ್ದಾಗ 95 ಲೆಕ್ಕಕ್ಕಿಲ್ಲ, ಒಪ್ಪಿದೆ. ಆದರೆ ಮಣ್ಣಿನ ಎಳೆತ ಇದೆಯಲ್ಲ. ಬ್ಲೇಡ್ 200 ಕೆಜಿ ಬಲದಲ್ಲಿ ಹಿಂದಕ್ಕೆ ಎಳೆದರೆ, ಆ ಎಳೆತ ಕೆಳಗಿನ ಲಿಂಕಿನ (ಬ್ಲೇಡನ್ನು ಗಾಡಿಗೆ ಜೋಡಿಸುವ ತೋಳು) ಎತ್ತರದಲ್ಲಿ, ಸುಮಾರು 40 ಸೆಂ.ಮೀ.ನಲ್ಲಿ ಗಾಡಿಗೆ ತಾಗುತ್ತೆ. 200 × 0.4 ÷ 1.5 = 53. ಆಗ ಮುಂದೆ ಉಳಿಯುವುದು 155. ಕೆಸರಿನಲ್ಲಿ 155 ಕೂಡ ಏನೇನೂ ಸಾಲದು.

ಎಲ್ಲಕ್ಕಿಂತ ಕೆಟ್ಟ ಗಳಿಗೆ ಯಾವುದು ಅಂದರೆ, ತಿರುವಿಗೆ ಬಂದು ಸ್ಟೀರಿಂಗ್ ತಿರುಗಿಸುತ್ತಾ ಅದೇ ಹೊತ್ತಿಗೆ ಬ್ಲೇಡ್ ಎತ್ತುವುದು. ಮೂತಿಗೆ ಭಾರ ಬೇಕಾದಾಗಲೇ ಅದನ್ನು ಕಿತ್ತುಕೊಂಡ ಹಾಗೆ. ತಿರುವಿನ ಎರಡು ಮೀಟರ್ ಹಿಂದೆಯೇ ಮಣ್ಣು ಬಿಟ್ಟು, ಬ್ಲೇಡನ್ನು ನಾಲ್ಕು ಬೆರಳು ಮಾತ್ರ ಎತ್ತಿ, ಗಾಡಿ ನೆಟ್ಟಗಾದ ಮೇಲೆ ತಿರುಗಿಸಿ. ಸೊಂಟದೆತ್ತರಕ್ಕೆ ಎತ್ತಿಕೊಂಡು ತಿರುಗಿಸುವ ಅಭ್ಯಾಸ ಬಹಳ ಡ್ರೈವರ್‌ಗಳಿಗಿದೆ, ಬಿಡಿಸಿ.

ಬಾಳೂರು ಅರೇಬಿಕಾ
ಹಿಂದಿನ ಟೈರಿಗೆ ನೀರು ತುಂಬಿಸಿ. ಖರ್ಚೇ ಇಲ್ಲ. ವಾಲ್ವ್ ಮೇಲಕ್ಕೆ ಬರೋ ಹಾಗೆ ಚಕ್ರ ತಿರುಗಿಸಿ, ವಾಲ್ವ್ ಮಟ್ಟದವರೆಗೆ ತುಂಬಿಸಿದ್ರೆ ಮುಕ್ಕಾಲು ಭಾಗ ಆಗುತ್ತೆ. ಆಮೇಲೆ ಗಾಳಿ ಹಿಡಿಸಿ. ಹಿಡಿತ ಡಬಲ್.

ಆಲ್ದೂರು ಸ್ಪ್ಯಾನರ್
ಹಿಂದಿನ ಚಕ್ರಕ್ಕೆ ಹಿಡಿತ ಬರುತ್ತೆ, ನಿಜ. ಆದ್ರೆ ಕೇಳಿದ್ದು ಸ್ಟೀರಿಂಗ್ ಬಗ್ಗೆ. ಹಿಂದಿನ ಟೈರಲ್ಲಿರೋ ನೀರು ಆ ಟೈರಿನ ಮೂಲಕವೇ ನೇರ ನೆಲಕ್ಕೆ ಹೋಗುತ್ತೆ, ಮೂತಿಗೆ ಒಂದು ಗ್ರಾಂ ಸೇರಲ್ಲ. ಹಿಂದಿನ ಚಕ್ರ ಚೆನ್ನಾಗಿ ಕಚ್ಚಿ ಮುಂದಕ್ಕೆ ನೂಕಿ, ಮುಂದಿನದು ಹಗುರವಾಗೇ ಇದ್ರೆ ಗಾಡಿ ಇನ್ನೂ ನೆಟ್ಟಗೆ ಓಡುತ್ತೆ. ಮುಂದಿನ ಟೈರಿಗೆ ತುಂಬಿಸಿದ್ರೆ ಸ್ವಲ್ಪ ಪ್ರಯೋಜನ ಇದೆ, ಆದ್ರೆ ಆ ಪುಟಾಣಿ ಟೈರಲ್ಲಿ ಎಷ್ಟು ಹಿಡಿಯುತ್ತೆ?

ಮೂತಿಗೆ ಬೇಕಾಗಿರೋದು ಆಕ್ಸಲ್‌ಗಿಂತ ಮುಂದೆ ತೂಗೋ ಕಬ್ಬಿಣ. ಮೇಷ್ಟ್ರ ಲೆಕ್ಕದಲ್ಲೇ ಹೇಳ್ತೀನಿ: 20 ಕೆಜಿಯ 4 ವೇಟು, ಮುಂದಿನ ಆಕ್ಸಲ್‌ಗಿಂತ ಅರ್ಧ ಮೀಟರ್ ಮುಂದೆ. 80 × 2 ÷ 1.5, ಮುಂದಿನ ಆಕ್ಸಲ್‌ಗೆ ಸೇರೋದು 107 ಕೆಜಿ. ಹಾಕಿದ್ದು 80, ಸಿಕ್ಕಿದ್ದು 107. ಆ 27 ಹಿಂದಿನ ಆಕ್ಸಲ್‌ನಿಂದ ಬಂದಿದ್ದು. ಬ್ಲೇಡ್ ಎತ್ತಿದಾಗ 113 ಇದ್ದದ್ದು 220 ಆಗುತ್ತೆ. ಇದು ಸ್ಟೀರಿಂಗ್.

ಗೆಂಡೆಹಳ್ಳಿ ಗೇರು
ನಾನು ಎರಡು ಪದದಲ್ಲಿ ಹೇಳಿದ್ದನ್ನ ಇವ್ರು ಎರಡು ಪುಟ ಮಾಡಿದ್ರು.

ಹಾನುಬಾಳು ರೋಬಸ್ಟಾ
ವೇಟ್ ಒಪ್ಪಿದೆ. ಆದ್ರೆ ನನ್ನ ಗಾಡಿಗೆ ವೇಟ್ ಬ್ರಾಕೆಟ್ ಬಂದಿಲ್ಲ. ಮರಳು ಮೂಟೆ ಬಂಪರ್‌ಗೆ ಕಟ್ಟಿದ್ರೆ ನಡೆಯುತ್ತಾ? ಎರಡನೇ ತೊಂದರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇಳಿಯುವಾಗ ಕಣಿವೆಗೆ ಯಾಕೆ ಎಳೆಯುತ್ತೆ?

ಆಲ್ದೂರು ಸ್ಪ್ಯಾನರ್
ಮರಳು ಮೂಟೆ ಬೇಡವೇ ಬೇಡ. ಮಳೇಲಿ ನೆನೆದು ಹಗ್ಗ ಸಡಿಲ ಆಗಿ ಮುಂದಿನ ಚಕ್ರದ ಕೆಳಗೆ ಬಿದ್ರೆ ಸ್ಟೀರಿಂಗ್ ಸಿಕ್ಕಾಕ್ಕೊಳ್ಳುತ್ತೆ. 10 ಎಂಎಂ ಪ್ಲೇಟಲ್ಲಿ ಬ್ರಾಕೆಟ್ ಮಾಡಿಸಿ, ಮುಂದಿನ ಚಾಸಿಯ ಎರಕದ ಭಾಗದಲ್ಲಿ ಕಂಪನಿ ಬಿಟ್ಟಿರೋ ತೂತಿಗೇ 8.8 ಗ್ರೇಡ್ ಬೋಲ್ಟ್ ಹಾಕಿ ಬಿಗೀಬೇಕು. ಎರಕದ ಮೇಲೆ ವೆಲ್ಡಿಂಗ್ ಮಾಡಕ್ಕೆ ಬಿಡಬೇಡಿ, ಬಿರುಕು ಬಿಡುತ್ತೆ. ರೇಡಿಯೇಟರ್ ಜಾಲರಿ ಮುಚ್ಚೋ ಹಾಗೆ ವೇಟ್ ಕೂರಿಸಿದ್ರೆ ಬೇಸಗೇಲಿ ಕಾದು ಸಾಯುತ್ತೆ.

ವೇಟ್ ಸಿಗದಿದ್ರೆ 20 ಲೀಟರಿನ ಆಯಿಲ್ ಡಬ್ಬಕ್ಕೆ ಕಾಂಕ್ರೀಟ್ ತುಂಬಿಸಿ, ನಡುವೆ ಕಬ್ಬಿಣದ ಪೈಪ್ ಇಟ್ಟು ಬಿಡಿ. ಒಂದು 48 ಕೆಜಿ ಆಗುತ್ತೆ. ಪೈಪಲ್ಲಿ ಉದ್ದ ಬೋಲ್ಟ್ ಹಾಯಿಸಿ ಬ್ರಾಕೆಟ್‌ಗೆ ಬಿಗಿ ಮಾಡಬಹುದು. ಚೆನ್ನಾಗಿ ಕಾಣಲ್ಲ, ಕೆಲಸ ಮಾಡುತ್ತೆ. ಆದ್ರೆ ಮುಂದಿನ ಆಕ್ಸಲ್ ಎಷ್ಟು ಹೊರುತ್ತೆ ಅಂತ ಮ್ಯಾನುಯಲ್‌ನಲ್ಲಿ ನೋಡಿ ಆಮೇಲೆ ಹಾಕಿ.

ಸಕಲೇಶಪುರ ಘಾಟಿ
ಎರಡನೇ ತೊಂದರೆಗೆ ನಾನು ಹೇಳ್ತೀನಿ. ಮೂತಿ ಕಣಿವೆಗೆ ಹೋಗ್ತಿದೆ ಅಂದ್ರೆ ಬ್ಲೇಡ್ ಓರೆ ತಪ್ಪು. ಮಣ್ಣು ಬಲಕ್ಕೆ ಎಸೆದ್ರೆ ಮಣ್ಣು ಗಾಡೀನ ಎಡಕ್ಕೆ ತಳ್ಳುತ್ತೆ, ಮೂತಿ ಎಡಕ್ಕೆ ಹೋಗುತ್ತೆ. ಅದಕ್ಕೇ ಮಣ್ಣು ಕಣಿವೆಗೆ ಎಸೀಬೇಕು, ಆಗ ಮೂತಿ ಧರೆ ಕಡೆ ಬರುತ್ತೆ.

ಕಳಸದ ಕಣಿವೆ
ಅದು ಬ್ಲೇಡ್ ಮುಂದಿರೋ ಡೋಜರ್‌ಗೆ ಸರಿ. ಹಿಂದಿನ ಬ್ಲೇಡ್‌ಗೆ ತಿರುಗುಮುರುಗು. ಗಾಡೀನ ಎಡಕ್ಕೆ ತಳ್ಳುತ್ತೆ ಅನ್ನೋದು ನಿಜ, ಆದ್ರೆ ತಳ್ಳೋದು ಬಾಲಾನ. ಬಾಲ ಎಡಕ್ಕೆ ಹೋದ್ರೆ ಮೂತಿ ಬಲಕ್ಕೆ ತಿರುಗುತ್ತೆ. ಅಂದ್ರೆ ಹಿಂದಿನ ಬ್ಲೇಡಲ್ಲಿ ಮಣ್ಣು ಯಾವ ಕಡೆ ಎಸೀತೀವೋ ಮೂತಿ ಅದೇ ಕಡೆ ಹೋಗುತ್ತೆ. ಹಾನುಬಾಳಿನವರು ಹೇಳಿದ್ದು ಪಕ್ಕಾ ಅದೇ: ಕಣಿವೆಗೆ ಎಸೆದ್ರು, ಮೂತಿ ಕಣಿವೆಗೆ ಹೋಯ್ತು. ಮೂತಿ ಹಗುರ ಇರೋದ್ರಿಂದ ಅದನ್ನ ತಡೆಯೋ ಹಿಡಿತ ಮುಂದಿನ ಚಕ್ರದಲ್ಲಿ ಇಲ್ಲ.

ಸಕಲೇಶಪುರ ಘಾಟಿ
ಕಾಗದದ ಮೇಲೆ ಬರೆದು ನೋಡ್ತೀನಿ.

ಕಳಸದ ಕಣಿವೆ
ನೋಡಿ. ಅಲ್ಲೀವರೆಗೆ ಬೇರೆಯವರಿಗೆ ಪರಿಹಾರ: ಓರೆ ಕಡಿಮೆ ಮಾಡಿ. 30, 35 ಡಿಗ್ರಿ ಇಟ್ಟು ಅರ್ಧ ಅಡಿ ಮಣ್ಣು ಒಂದೇ ಸಲ ಸರಿಸಕ್ಕೆ ಹೋದ್ರೆ ಈ ತೂಕದ ಗಾಡಿ ಬಗ್ಗಲೇಬೇಕು. 10, 15 ಡಿಗ್ರಿ ಸಾಕು. ಒಂದು ಸಲಕ್ಕೆ ಎರಡು ಇಂಚಿನ ಪದರ ತೆಗೀರಿ. ಕಣಿವೆ ತೀರಾ ಕಡಿದಾಗಿರೋ ಕಡೆ ಬ್ಲೇಡ್ ನೆಟ್ಟಗಿಟ್ಟು, ಮಣ್ಣನ್ನ ಕೆಳಗೆ ಅಗಲ ಇರೋ ಜಾಗಕ್ಕೆ ಎಳ್ಕೊಂಡು ಹೋಗಿ ಅಲ್ಲಿ ಸುರೀರಿ.

ಇನ್ನೆರಡು ಕಡೆ ನೋಡಿ. ಕೆಳಗಿನ ಲಿಂಕಿನ ಪಕ್ಕದ ಚೈನು ಸಡಿಲ ಇದ್ರೆ ಬ್ಲೇಡ್ ಆ ಕಡೆ ಈ ಕಡೆ ಬೀಸಾಡುತ್ತೆ, ಗಾಡಿ ಹಾವಿನ ಥರ ಹೋಗುತ್ತೆ. ನೇಗಿಲಿಗೆ ಸ್ವಲ್ಪ ಸಡಿಲ ಬೇಕು, ಬ್ಲೇಡ್‌ಗೆ ಬಿಗಿಯೇ ಇರ್ಬೇಕು. ಆಮೇಲೆ ಲಿಫ್ಟ್ ರಾಡ್, ಅಂದ್ರೆ ಕೆಳಗಿನ ಲಿಂಕನ್ನ ಮೇಲಕ್ಕೆ ಎತ್ತೋ ಸರಳು. ಬ್ಲೇಡಿನ ಒಂದು ತುದಿ ಕೆಳಗಿದ್ರೆ ಆ ತುದಿ ಹೆಚ್ಚು ಕಚ್ಚುತ್ತೆ, ಮೂತಿ ಆ ಕಡೆಗೇ ಎಳೆಯುತ್ತೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಎರಡೂ ತುದಿ ಅಳೆದು ಸಮ ಮಾಡಿ.

ಕೊಟ್ಟಿಗೆಹಾರ ಮಳೆ
ಬ್ಲೇಡ್ ಹಿಂದುಮುಂದು ತಿರುಗಿಸಿ ರಿವರ್ಸಲ್ಲಿ ತಳ್ಳಿದ್ರೆ? ಆಗ ಮಣ್ಣಿನ ಮೇಲೆ ಚಕ್ರ ಹತ್ತೋದೇ ಇಲ್ಲ, ಬ್ಲೇಡೇ ಮೊದಲು ಹೋಗುತ್ತೆ.

ಆಲ್ದೂರು ಸ್ಪ್ಯಾನರ್
ಸಡಿಲ ಮಣ್ಣಿಗೆ ಸರಿ. ಆದ್ರೆ ತ್ರೀ ಪಾಯಿಂಟ್ ಲಿಂಕ್ (ಬ್ಲೇಡನ್ನ ಗಾಡಿಗೆ ಮೂರು ಕಡೆ ಹಿಡಿಯೋ ಜೋಡಣೆ) ಮಾಡಿರೋದು ಎಳೆಯಕ್ಕೆ, ತಳ್ಳಕ್ಕಲ್ಲ. ಮಣ್ಣಲ್ಲಿ ಕಲ್ಲೋ ಬೇರಿನ ಬುಡಾನೋ ಸಿಕ್ಕಿದ್ರೆ ಕೆಳಗಿನ ಲಿಂಕ್ ಬಗ್ಗುತ್ತೆ. ಫಸ್ಟ್ ಲೋ ಗೇರ್ ಬಿಟ್ಟು ಮೇಲಿನ ಗೇರಿಗೆ ಹೋಗ್ಬೇಡಿ. ಇನ್ನೊಂದು, ರಿವರ್ಸಲ್ಲಿ ಸ್ಟೀರಿಂಗ್ ತಿರುಗಿಸಿದ್ರೆ ಮೂತಿ ಹೊರಕ್ಕೆ ಬೀಸುತ್ತೆ. ಕಣ್ಣೆಲ್ಲ ಹಿಂದೆ ಬ್ಲೇಡ್ ಮೇಲಿರುತ್ತೆ, ಮುಂದಿನ ಚಕ್ರ ದಾರಿ ಅಂಚು ದಾಟಿದ್ದು ಗೊತ್ತೇ ಆಗಲ್ಲ. ಕಿರಿದಾದ ದಾರೀಲಿ ಒಬ್ಬರು ಅಂಚು ನೋಡ್ತಾ ನಿಲ್ಲಲಿ, ಕಣಿವೆ ಕಡೆ ಅಲ್ಲ, ಧರೆ ಕಡೆ, ಗಾಡಿಯಿಂದ ದೂರ.

ಮಿಷಿಗನ್ ಹಾಸನದವ
ಇಲ್ಲಿ ಪ್ರತಿ ಡಿಸೆಂಬರಿಗೂ ಇದೇ ಚರ್ಚೆ, ಮಣ್ಣಿನ ಬದಲು ಹಿಮ. ಇಳಿಜಾರು ಡ್ರೈವ್‌ವೇ, ಇದೇ 25 ಎಚ್‌ಪಿ ಗಾಡಿ. ಅಲ್ಲಿಗೆ ಹೊಂದೋದಷ್ಟೇ ಹೇಳ್ತೀನಿ.

ಇಲ್ಲಿ ಹೆಚ್ಚಿನವು ಮುಂದೆ ಲೋಡರ್ ಇರೋ ಗಾಡಿಗಳು, ಹಾಗಾಗಿ ತೊಂದರೆ ಉಲ್ಟಾ. ಬಕೆಟ್ ತುಂಬಿದಾಗ ಮೂತಿ ಭಾರ, ಬಾಲ ಹಗುರ. ಮಿನಿ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ ಮಾತ್ರ. ಟೂ ವೀಲಲ್ಲಿ ಇಳಿಯುತ್ತಾ ಬ್ರೇಕ್ ಒತ್ತಿದ್ರೆ ಹಗುರ ಆಗಿರೋ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಸ್ಲೆಡ್ ಆಗುತ್ತೆ, ಆಮೇಲೆ ಸ್ಟೀರಿಂಗ್ ಹಿಡ್ಕೊಂಡಿರೋದು ಬರೀ ಸಮಾಧಾನಕ್ಕೆ. ಫೋರ್ ವೀಲ್ ಹಾಕಿದ್ರೆ ಮುಂದಿನ ಚಕ್ರ ಗೇರಿನ ಮೂಲಕ ಹಿಂದಿನದಕ್ಕೆ ಜೋಡಿಸ್ಕೊಳ್ಳುತ್ತೆ, ಬ್ರೇಕ್ ನಾಲ್ಕಕ್ಕೂ ಬರುತ್ತೆ. ಏರಲ್ಲಿ ಫೋರ್ ವೀಲ್ ಹಾಕಿ, ಇಳಿಜಾರಲ್ಲಿ ತೆಗೆಯೋರನ್ನ ಎಲ್ಲಾ ಕಡೆ ನೋಡಬಹುದು. ಇಳಿಯುವಾಗ್ಲೇ ಅದು ಹೆಚ್ಚು ಬೇಕು.

ಟೈರಿಗೆ ಸುತ್ತೋ ಚೈನ್ ಬಗ್ಗೆ: ಹಿಂದಿನ ಚಕ್ರಕ್ಕೆ ಹಾಕಿದ್ರೆ ಎಳೆತ, ಮುಂದಿನದಕ್ಕೆ ಹಾಕಿದ್ರೆ ಸ್ಟೀರಿಂಗ್. ಏಣಿ ಮೆಟ್ಟಿಲಿನ ಥರ ಅಡ್ಡ ಸರಪಳಿ ಮಾತ್ರ ಇರೋದು ಪಕ್ಕಕ್ಕೆ ಜಾರೋದನ್ನ ತಡೆಯಲ್ಲ, ವಜ್ರದಾಕಾರದ ಹೆಣಿಗೆ ಬೇಕು. ಟೈರಿಗೆ ತುಂಬೋದೂ ಇಲ್ಲಿ ಬೇರೆ. ನೀರು ಹೆಪ್ಪುಗಟ್ಟುತ್ತೆ, ಅದಕ್ಕೇ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ, ಇಲ್ಲಾ ಸಕ್ಕರೆ ಬೀಟ್ ಗಡ್ಡೆಯ ಪಾಕ. ಆ ಪಾಕ ಲೀಟರಿಗೆ 1.3 ಕೆಜಿ ತೂಗುತ್ತೆ, ರಿಮ್ಮನ್ನೂ ತಿನ್ನಲ್ಲ.

ಕೊಟ್ಟಿಗೆಹಾರ ಮಳೆ
ಮುಳ್ಳಯ್ಯನಗಿರೀಲಿ ಹಿಮ ಬಿದ್ದ ದಿನ ನಿಮ್ಮ ಚೈನ್ ಕೊರಿಯರ್ ಮಾಡಿ.

ಲೆಕ್ಕದ ಮೇಷ್ಟ್ರು
ಒಂದು ವ್ಯತ್ಯಾಸ ಮರೆಯಬಾರದು. ಆಗಷ್ಟೇ ಬಿದ್ದ ಹಿಮ ಘನ ಮೀಟರಿಗೆ 100 ಕೆಜಿ ಆಸುಪಾಸು, ನಮ್ಮ ಹಸಿ ಮಣ್ಣು 1,800ರ ಹತ್ತಿರ. ಹಿಮ ಸರಿಸುವವರು ಸ್ವಲ್ಪ ವೇಗದಲ್ಲಿ ನುಗ್ಗುತ್ತಾರೆ, ಆ ವೀಡಿಯೋ ನೋಡಿ ಇಲ್ಲಿ ಹಾಗೆ ಮಾಡಿದರೆ ಬ್ಲೇಡ್ ಮಣ್ಣಿಗೆ ಹೂತು ಗಾಡಿ ಅಲ್ಲೇ ಅಡ್ಡ ತಿರುಗುತ್ತೆ. ಇಲ್ಲಿ ಗಂಟೆಗೆ 2, 3 ಕಿ.ಮೀ. ಸಾಕು.

ಬಾಳೂರು ಅರೇಬಿಕಾ
ಕಾಂಕ್ರೀಟ್ ಮೇಲೆ ಫೋರ್ ವೀಲ್ ಹಾಕ್ಬೇಡಿ ಅಂತ ಡೆಲಿವರಿ ಕೊಡುವಾಗ ಹೇಳಿರ್ತಾರೆ. ಈಗ ಮಿಷಿಗನ್‌ನವ್ರು ಹಾಕಿ ಅಂತಾರೆ. ಯಾವುದು ಸರಿ?

ಆಲ್ದೂರು ಸ್ಪ್ಯಾನರ್
ಎರಡೂ ಸರಿ, ಜಾಗ ಬೇರೆ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಕ್ಕೆ ಬಿಡೋ ಗೇರ್) ಇಲ್ಲ. ಮುಂದಿನ ಚಕ್ರ ಬೇಕಂತಲೇ 1ರಿಂದ 5% ಜಾಸ್ತಿ ವೇಗದಲ್ಲಿ ತಿರುಗೋ ಹಾಗೆ ಗೇರ್ ಕೊಟ್ಟಿರ್ತಾರೆ, ಅದು ಗಾಡೀನ ಮುಂದಕ್ಕೆ ಎಳೀಲಿ ಅಂತ. ಮಣ್ಣಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತೆ. ಒಣ ಕಾಂಕ್ರೀಟಲ್ಲಿ ಜಾರಕ್ಕೆ ಜಾಗ ಇಲ್ಲ, ಶಾಫ್ಟಲ್ಲಿ ಬಿಗಿತ ಸೇರ್ಕೊಂಡು ಸ್ಟೀರಿಂಗ್ ಭಾರ ಆಗುತ್ತೆ, ಟೈರ್ ಸವೆಯುತ್ತೆ, ಫೋರ್ ವೀಲ್ ಲಿವರ್ ತೆಗೆಯಕ್ಕೇ ಬರಲ್ಲ. ಹಾಗಾಗಿ ಒಣಗಿದ, ಸಮತಟ್ಟಾದ ಕಾಂಕ್ರೀಟಲ್ಲಿ ತೆಗೀರಿ. ಒದ್ದೆ ಇಳಿಜಾರು, ಪಾಚಿ ಕಟ್ಟಿದ ಕಾಂಕ್ರೀಟು, ಅಲ್ಲಿ ಹಾಕೇ ಇಳೀರಿ. ಟೈರ್ ಸವೆದ್ರೆ ಬದಲಿಸಬಹುದು.

ಹಾನುಬಾಳಿನವರು ಮುಂದಿನ ಟೈರ್ ಬದಲಾಗಿದೆ ಅಂದ್ರಲ್ಲ, ಅದನ್ನ ಮೊದಲು ಪರೀಕ್ಷೆ ಮಾಡಿ. ಸಮತಟ್ಟಾದ ಮಣ್ಣು ನೆಲದಲ್ಲಿ ಚಕ್ರಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಫೋರ್ ವೀಲ್ ತೆಗೆದು ಹಿಂದಿನ ಚಕ್ರ 10 ಸುತ್ತು ಹಾಕೋವಷ್ಟು ಓಡಿಸಿ, ಮುಂದಿನ ಚಕ್ರ ಎಷ್ಟು ಸುತ್ತಿತು ಎಣಿಸಿ. ಆಮೇಲೆ ಫೋರ್ ವೀಲ್ ಹಾಕಿ ಅದನ್ನೇ ಮಾಡಿ. ಮೊದಲು 15 ಸುತ್ತು ಬಂದಿದ್ರೆ ಎರಡನೇ ಸಲ ಹತ್ತಿರ ಹತ್ತಿರ 15 ಮುಕ್ಕಾಲರ ಒಳಗೆ ಇರಬೇಕು. 15ಕ್ಕಿಂತ ಕಡಿಮೆ ಬಂದ್ರೆ ಮುಂದಿನ ಟೈರ್ ಅಳತೆಗಿಂತ ಚಿಕ್ಕದು, ಫೋರ್ ವೀಲ್ ಹಾಕಿದಾಗೆಲ್ಲ ಮುಂದಿನ ಚಕ್ರ ಗಾಡಿಗೆ ಬ್ರೇಕ್ ಹಾಕ್ತಾ ಇರುತ್ತೆ. ಆಗ ಎಷ್ಟು ವೇಟ್ ಹಾಕಿದ್ರೂ ಸ್ಟೀರಿಂಗ್ ಸರಿಹೋಗಲ್ಲ. ಹಿಂದಿನ ಟೈರ್ ಹೊಸದು, ಮುಂದಿನದು ಬೋಳು ಅನ್ನೋ ಜೋಡೀನೂ ಲೆಕ್ಕ ಕೆಡಿಸುತ್ತೆ.

ಸಕಲೇಶಪುರ ಘಾಟಿ
ಬರೆದು ನೋಡಿದೆ. ಕಳಸದವರ ಚಿತ್ರ ಸರಿ ಬರುತ್ತೆ. ಆದ್ರೂ ಮಣ್ಣು ಧರೆ ಕಡೆ ಎಸೆದ್ರೆ ಚರಂಡಿ ಮುಚ್ಚುತ್ತೆ, ಕಣಿವೆಗೆ ಎಸೆದ್ರೆ ಗಾಡಿ ಹೋಗುತ್ತೆ. ಆ ಕಡೆ ಪುಲಿ, ಈ ಕಡೆ ದರಿ.

ಡಿಫ್ ಲಾಕ್ ಬಗ್ಗೆ ಯಾರೂ ಮಾತಾಡಿಲ್ಲ. ಕೆಸರಲ್ಲಿ ಅದನ್ನ ತುಳ್ಕೊಂಡೇ ತಿರುವು ಹೊಡೆಯೋರಿಗೆ ಸ್ಟೀರಿಂಗ್ ಕೇಳಲ್ಲ ಅನ್ನೋ ದೂರು ಸಹಜ. ಲಾಕ್ ಬಿದ್ದಾಗ ಹಿಂದಿನ ಎರಡೂ ಚಕ್ರ ಒಂದೇ ವೇಗ, ಗಾಡಿ ನೆಟ್ಟಗೆ ಮಾತ್ರ ಹೋಗುತ್ತೆ. ನೆಟ್ಟಗೆ ಸಿಕ್ಕಾಕ್ಕೊಂಡಾಗ ಮಾತ್ರ ತುಳೀರಿ, ಚಕ್ರ ಹಿಡಿದ ತಕ್ಷಣ ಬಿಡಿ. ಪೆಡಲ್ ಬಿಟ್ಟರೂ ಲಾಕ್ ಬಿಡದಿದ್ರೆ ಕ್ಲಚ್ ಒತ್ತಿ ಒಂದೊಂದೇ ಬ್ರೇಕನ್ನ ಮೆಲ್ಲಗೆ ತಟ್ಟಿ, ಬಿಡುತ್ತೆ. ಏರಲ್ಲಿ ಇದನ್ನ ಮಾಡ್ಬೇಡಿ, ಸಮತಟ್ಟಿಗೆ ಬಂದ ಮೇಲೆ.

ಬಾಳೂರು ಅರೇಬಿಕಾ
ಅದಕ್ಕಿಂತ ಸುಲಭ, ಒಂದು ಬ್ರೇಕ್ ಒತ್ತಿ ತಿರುಗಿಸೋದು. ಗದ್ದೇಲಿ ಎಲ್ಲಾರೂ ಮಾಡೋದು ಅದೇ ಅಲ್ವಾ?

ಕಳಸದ ಕಣಿವೆ
ಗದ್ದೇಲಿ ಸರಿ. ಇಳಿಜಾರಲ್ಲಿ ಎರಡೂ ಬ್ರೇಕ್ ಪೆಡಲ್ ಕೊಂಡಿ ಹಾಕಿ ಒಂದಾಗೇ ಇರ್ಬೇಕು. ಕೊಂಡಿ ತೆಗೆದು ಮರೆತು, ಕೆಳಗೆ ಬರುವಾಗ ಗಾಬರೀಲಿ ಒಂದೇ ಪೆಡಲ್ ಮೇಲೆ ಕಾಲು ಬಿದ್ರೆ ಗಾಡಿ ಆ ಚಕ್ರದ ಸುತ್ತ ತಿರುಗಿ ಅಡ್ಡ ನಿಲ್ಲುತ್ತೆ. ಇಳಿಜಾರಿಗೆ ಅಡ್ಡ ನಿಂತ ಕಿರಿದಾದ ಗಾಡಿ ಮಗುಚಕ್ಕೆ ಒಂದು ಕಲ್ಲು ಸಾಕು. ಮಿನಿ ಟ್ರ್ಯಾಕ್ಟರ್ ತೋಟದ ಸಾಲಲ್ಲಿ ಹೋಗ್ಲಿ ಅಂತ ಅಗಲ ಕಡಿಮೆ ಮಾಡಿರೋದು, ಅದಕ್ಕೆ ತೆರೋ ಬೆಲೆ ಇದು. ಹಿಂದಿನ ಚಕ್ರದ ಡಿಸ್ಕ್ ಮಗುಚಿ ಹಾಕಿ ಅಗಲ ಜಾಸ್ತಿ ಮಾಡಕ್ಕೆ ಬರುತ್ತಾ ನೋಡಿ. ಮಳೆಗಾಲದಲ್ಲಿ ಹೇಗೂ ಸಾಲಿನ ಒಳಗೆ ಕೆಲಸ ಕಡಿಮೆ.

ಗೇರ್ ವಿಷಯ ಹಳೇದು, ಆದ್ರೂ ಹೇಳ್ತೀನಿ. ಇಳಿಯೋ ಮೊದಲೇ ಲೋ ಹಾಕಿ. ನಡುವೆ ಕ್ಲಚ್ ಒತ್ಬೇಡಿ, ಒತ್ತಿದ್ರೆ ಎಂಜಿನ್ ಹಿಡಿತವೂ ಹೋಯ್ತು.

ಮೂಡಿಗೆರೆ ಸಿಲ್ವರ್ ಓಕ್
ಇಷ್ಟೆಲ್ಲ ಬರೆದ್ರಿ, ಗಾಡಿ ಮಗುಚಿದ್ರೆ ಡ್ರೈವರನ್ನ ಕಾಯೋ ತಲೆ ಮೇಲಿನ ಕಮಾನು ಯಾರ ಬಾಯಲ್ಲೂ ಬಂದಿಲ್ಲ. ಕೊಂಬೆ ತಾಗುತ್ತೆ ಅಂತ ತೋಟಗಳಲ್ಲಿ ಅದನ್ನ ಮಡಚಿ ಇಡ್ತಾರೆ, ಆಮೇಲೆ ನಿಲ್ಲಿಸೋದೇ ಇಲ್ಲ. ಏರಲ್ಲಿ ಮೂತಿ ಎದ್ದು ಗಾಡಿ ಹಿಂದಕ್ಕೆ ಮಗುಚೋದು ಶುರುವಾದ್ರೆ ಒಂದು ಸೆಕೆಂಡಿನ ಒಳಗೆ ಕೈ ಮೀರುತ್ತೆ, ಕ್ಲಚ್ ಹುಡುಕೋ ಹೊತ್ತಿಗೆ ಆಗಿಹೋಗಿರುತ್ತೆ. ದಾರಿ ಕೆಲಸಕ್ಕೆ ಕಮಾನು ನಿಲ್ಲಿಸಿ, ಬೆಲ್ಟ್ ಹಾಕಿ. ಮಡಚಿದ್ರೆ ಬೆಲ್ಟ್ ಹಾಕ್ಬೇಡಿ. ಈ ಎರಡು ಜೊತೆಗೇ ಹೋಗೋದು. ದಾರಿ ಮೇಲೆ ಬಾಗಿರೋ ಕೊಂಬೆ ಇದ್ರೆ ನೆರಳು ಕಸಿ (ನೆರಳಿನ ಮರದ ಕೊಂಬೆ ಕಡಿಯೋದು) ಮಾಡುವಾಗ್ಲೇ ಅದನ್ನೂ ಕಡಿಸಿ.

ಹಾನುಬಾಳು ರೋಬಸ್ಟಾ
ಮುಂದಿನ ಟೈರ್ ಅಳತೆ ನೋಡಿದೆ, ಎರಡೂ ಮ್ಯಾನುಯಲ್‌ನಲ್ಲಿರೋದೇ. ಎಣಿಸಿದ್ರೂ ಸರಿ ಬಂತು. ಗಾಳಿ ಮಾತ್ರ ಒಂದರಲ್ಲಿ ತೀರಾ ಕಡಿಮೆ ಇತ್ತು. ಲಿಂಕಿನ ಪಕ್ಕದ ಚೈನ್ ಸಡಿಲ ಇದ್ದಿದ್ದು ನಿಜ. ಈಗ ಕೇಳೋದು, ಹತ್ತುವಾಗ ಎಳೆಯೋದು ಒಳ್ಳೇದಾ, ಇಳಿಯುವಾಗಲಾ? ನಮ್ಮ ಡ್ರೈವರ್ ಎರಡೂ ಕಡೆ ಎಳೆದು ಬೇಗ ಮುಗಿಸ್ತೀನಿ ಅಂತಾನೆ.

ಕಳಸದ ಕಣಿವೆ
ಇಳಿಯುವಾಗ ಮಾತ್ರ. ಮೇಲಿಂದ ಕೆಳಕ್ಕೆ. ಇಳಿಯುವಾಗ ಭಾರ ಮೂತಿಗೆ ಬರುತ್ತೆ, ಮೇಷ್ಟ್ರ ಆ 52 ಕೆಜಿ ಕಳೆಯೋ ಬದಲು ಸೇರುತ್ತೆ. ಬ್ಲೇಡಿನ ಎಳೆತವೇ ಗಾಡಿಗೆ ಬ್ರೇಕ್ ಆಗುತ್ತೆ. ಒಂದೇ ಎಚ್ಚರ, ಬ್ಲೇಡ್ ಎತ್ತಿದ ಕ್ಷಣ ಆ ಬ್ರೇಕ್ ಹೋಗಿ ಗಾಡಿ ಮುಂದಕ್ಕೆ ಹಾರುತ್ತೆ. ಮಣ್ಣು ಬಿಡುವಾಗ ಮೆಲ್ಲಗೆ ಎತ್ತಿ.

ಮತ್ತೆ ಮೇಲೆ ಹೋಗುವಾಗ, ಮುಂದೆ ವೇಟ್ ಇಲ್ಲದಿದ್ರೆ ರಿವರ್ಸಲ್ಲೇ ಹತ್ತಿ. ಭಾರ ಇರೋ ತುದಿ ಯಾವಾಗ್ಲೂ ಏರಿನ ಕಡೆ. ಲೋಡರ್ ತುಂಬಿರೋ ಗಾಡಿಗೆ ಇದೇ ನಿಯಮ ತಿರುಗುಮುರುಗು: ಮುಂದಾಗಿ ಹತ್ತು, ರಿವರ್ಸಲ್ಲಿ ಇಳಿ, ಬಕೆಟ್ ನೆಲಕ್ಕೆ ಹತ್ತಿರ.

ಮೂಡಿಗೆರೆ ಸಿಲ್ವರ್ ಓಕ್
ಜೊತೆಗೆ ಇವನ್ನೂ ನೋಡ್ಕೊಳ್ಳಿ. ಮಳೆ ಹೊಡೀತಿರುವಾಗ ಕೆಲಸಕ್ಕೆ ಇಳೀಬೇಡಿ, ನೀರು ಬಸಿದು ಮಣ್ಣು ಸ್ವಲ್ಪ ಗಟ್ಟಿಯಾಗ್ಲಿ. ಮೊದಲು ಆಳು ಹಾಕಿ ಗುದ್ದಲೀಲಿ ಚರಂಡಿ ಬಿಡಿಸಿ, ಮೋರಿ ಬಾಯಿ ತೆಗೆಸಿ. ಅದಾಗದೆ ಟ್ರ್ಯಾಕ್ಟರ್ ಬಿಟ್ಟರೆ ಮಾರನೇ ದಿನ ಮತ್ತೆ ಅಷ್ಟೇ ಮಣ್ಣು. ಧರೆಯ ಬುಡ ಮಾತ್ರ ಕೆರೀಬೇಡಿ. ಬ್ಲೇಡ್ ತುದಿ ಬುಡಕ್ಕೆ ತಾಗಿಸಿ ಚೆಂದ ಮಾಡಕ್ಕೆ ಹೋದ್ರೆ ಮೇಲಿಂದ ಇನ್ನೊಂದು ಹೋಳು ಇಳಿಯುತ್ತೆ. ಕಣಿವೆ ಅಂಚಿನಿಂದ ಚಕ್ರ 3 ಅಡಿಯಾದ್ರೂ ಒಳಗಿರಲಿ. ಹಿಂದಿನ ವರ್ಷ ಎಸೆದ ಮಣ್ಣೇ ಅಲ್ಲಿ ಅಂಚಾಗಿ ಕೂತಿರುತ್ತೆ, ನೋಡಕ್ಕೆ ದಾರಿ ಥರ, ಒಳಗೆ ಪೊಳ್ಳು.

ಎಸೆದ ಮಣ್ಣು ಕಾಫಿ ಗಿಡದ ಬುಡಕ್ಕೆ ಹೋಗಿ ಕೂತ್ರೆ ಅದನ್ನ ಬಿಡಿಸಿ. ಕಾಂಡ ಹೂತುಹೋದ ಗಿಡ ಸೊರಗುತ್ತೆ.

ಗೆಂಡೆಹಳ್ಳಿ ಗೇರು
ಆಲೂರು, ಸಕಲೇಶಪುರ ಕಡೆ ಬೆಳಗ್ಗೆ ಬೇಗ ಹೋಗೋರು ಟ್ರ್ಯಾಕ್ಟರ್ ಜೊತೆ ಆನೇನೂ ನೋಡ್ಕೊಳ್ಳಿ. ತಿರುವಲ್ಲಿ ಎದುರಾದ್ರೆ ಯಾವ ಸ್ಟೀರಿಂಗೂ ಕೇಳಲ್ಲ.

ಬಾಳೂರು ಅರೇಬಿಕಾ
ಕಾಂಕ್ರೀಟಿನ ಮೇಲಿನ ಪಾಚಿಗೆ ಏನು ಮಾಡ್ತೀರಾ? ಬ್ಲೀಚಿಂಗ್ ಪೌಡರ್ ಹಾಕಿದ್ರೆ ತೊಳೆದ ನೀರೆಲ್ಲ ತೋಟಕ್ಕೇ ಹೋಗುತ್ತೆ.

ಆಲ್ದೂರು ಸ್ಪ್ಯಾನರ್
ತಂತಿ ಬ್ರಷ್ಷಲ್ಲಿ ಚಕ್ರ ಹೋಗೋ ಎರಡು ಪಟ್ಟಿ ಮಾತ್ರ ಉಜ್ಜಿಸಿ, ಪೂರ್ತಿ ದಾರಿ ಬೇಡ. ಮುಂದೆ ಕಾಂಕ್ರೀಟ್ ಹಾಕಿಸುವಾಗ ಮೇಸ್ತ್ರಿಗೆ ಕರಣೆ ಹಾಕಿ ನುಣುಪು ಮಾಡಕ್ಕೆ ಬಿಡಬೇಡಿ. ಹಸಿ ಇರುವಾಗ್ಲೇ 20 ಎಂಎಂ ಸರಳು ಒತ್ತಿ, ಸುಮಾರು 10 ಎಂಎಂ ಆಳಕ್ಕೆ ಗೆರೆ ಎಳೆಸಿ. ಗೆರೆಯಿಂದ ಗೆರೆಗೆ ಅರ್ಧ ಅಡಿ ಒಳಗೇ ಇರ್ಲಿ. ದಾರಿಗೆ ನೇರ ಅಡ್ಡ ಬೇಡ, ನೀರು ಗೆರೇಲಿ ನಿಂತು ಮತ್ತೆ ಪಾಚಿ ಕಟ್ಟುತ್ತೆ. ಧರೆ ಕಡೆ ಚರಂಡಿಗೆ ಇಳಿಯೋ ಹಾಗೆ ಓರೆಯಾಗಿ ಎಳೆಸಿ.

ಕೊಟ್ಟಿಗೆಹಾರ ಮಳೆ
ಗೆರೆ ಎಳೆಸಿದ್ಮೇಲೆ ಬ್ಲೇಡ್ ಅದಕ್ಕೆ ಸಿಕ್ಕಾಕ್ಕೊಳ್ಳಲ್ವಾ?

ಆಲ್ದೂರು ಸ್ಪ್ಯಾನರ್
ಗೆರೆ ಓರೆ ಇದ್ದು ಬ್ಲೇಡ್ ನೆಟ್ಟಗಿದ್ರೆ ಸಿಕ್ಕಲ್ಲ. ಎರಡೂ ಒಂದೇ ಓರೇಲಿ ಇದ್ರೆ ಮಾತ್ರ ಬ್ಲೇಡ್ ಅಂಚು ಒಳಗೆ ಇಳಿಯುತ್ತೆ. ಕಾಂಕ್ರೀಟ್ ಭಾಗದಲ್ಲಿ ಬ್ಲೇಡಿನ ಅಂಚಿಗೆ ಹಳೇ ಕನ್ವೇಯರ್ ಬೆಲ್ಟಿನ ರಬ್ಬರ್ ಪಟ್ಟಿ, ಅರ್ಧ ಇಂಚು ದಪ್ಪದ್ದು, ಎರಡು ಇಂಚು ಕೆಳಗೆ ಬರೋ ಹಾಗೆ ಬೋಲ್ಟ್ ಮಾಡಿ. ಗೆರೇಲಿರೋ ಕೆಸರೂ ಎದ್ದು ಬರುತ್ತೆ. ಮಣ್ಣು ದಾರಿಗೆ ಬಂದಾಗ ಬಿಚ್ಚಬೇಕು, ಅದಕ್ಕೆ ಬೋಲ್ಟಿಗೆ ರೆಕ್ಕೆ ನಟ್ ಬೇಡ, ಸಡಿಲ ಆಗುತ್ತೆ, ಲಾಕ್ ನಟ್ ಹಾಕಿ.